ಮುಕ್ಕಾಲು ಇಂಚು

ಮದುವೆಯ ರವಿಕೆಗಳು ಮುಗಿದು
ಶಾಲೆಯ ಯೂನಿಫಾರ್ಮು ಶುರುವಾಗುವ ನಡುವೆ
ಗೋಣಿಕೊಪ್ಪದ ದರ್ಜಿಗೆ ಸಿಗುವುದು
ಮೇ ತಿಂಗಳ ಕೊನೆಯ ಐದೇ ದಿನ.
ಅದರಲ್ಲಿ ಭಾನುವಾರ ಬೇಡ, ಪಾರ್ಕಿನಲ್ಲಿ ಜನಜಂಗುಳಿ;
ಸೋಮವಾರ ಉತ್ತಯ್ಯನ ಜೀಪಿಗೆ ರೆಸಾರ್ಟಿನ ಬಾಡಿಗೆ.
ಬುಧವಾರ ಎಂದೆ. ಬುಧವಾರ ಎಂದರು.
ಬೊಳ್ಳು ಕ್ಯಾಲೆಂಡರಿನ ಆ ಚೌಕಕ್ಕೆ ಹಸಿರು ಬಳಿದ,
ಜೂನಿನ ಪುಟಕ್ಕೂ ಇಳಿಯುವಷ್ಟು.

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ:
ಎದೆ, ತೋಳು, ಸೊಂಟ ಬರೆಯುವ ಕಡೆ
ಡೀಸೆಲ್, ಟಿಕೆಟ್, ಐಸ್‌ಕ್ರೀಮ್ ಎರಡು ಸಲ.
ಒಂದು ಸಲ ಎಂದು ಉತ್ತಯ್ಯ ತಿದ್ದಿದ್ದಾನೆ.
ಎರಡು ಎಂದು ಪೂವಮ್ಮ ಮತ್ತೆ ಬರೆದಿದ್ದಾಳೆ, ಒತ್ತಿ.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ.
"ಊಟ ಹೊತ್ತು ತಂದವರನ್ನು ಬಾಗಿಲಲ್ಲೇ ನಿಲ್ಲಿಸುವ
ಮನೆ ಎಂಥದ್ದು?" ಅತ್ತೆ ಕೇಳಿದರು.
ಹಾಗಾಗಿ ಹುಣಸೂರು ದಾಟಿದ ಮೇಲೆ ಒಂದು ಮರ,
ಅದರ ಕೆಳಗೆ ನೂಪುಟ್ಟು, ಕೋಳಿ ಸಾರು,
ಕೈ ತೊಳೆದು, ಏನೂ ತಿನ್ನದವರ ಹಾಗೆ ಗೇಟಿಗೆ.

ನೀರಿಗಿಳಿಯಲು ಹತ್ತಿ ಬಟ್ಟೆ ಸಲ್ಲದು, ನೈಲಾನೇ ಆಗಬೇಕು,
ಇಲ್ಲದವರಿಗೆ ಅಲ್ಲೇ ಬಾಡಿಗೆಗೆ ಕೊಡುತ್ತಾರೆ.
ಬಾಡಿಗೆಗೆ! ದರ್ಜಿಯ ಮನೆಯವರಿಗೆ!
ಮೆಷಿನ್ನಿನ ಮುಂದೆ ಕೂತೆ.
ಅತ್ತೆಯ ಸರದಿ ಬಂದಾಗ ಟೇಪು ಒಂದು ಗಳಿಗೆ ತಡೆಯಿತು.
ಬೆನ್ನ ಹಿಂದೆ ನೆರಿಗೆ ಕಟ್ಟಿ ಐವತ್ತು ವರ್ಷ ನಡೆದವರು;
ಅವರ ಕಣಕಾಲಿನ ಸುತ್ತಳತೆ
ಯಾವ ಪುಸ್ತಕದಲ್ಲೂ ಇಲ್ಲ.
"ನಾನು ದಡದಲ್ಲಿ ಕೂತು ಚಪ್ಪಲಿ ಕಾಯುತ್ತೇನೆ" ಎಂದರು.
ಆಮೇಲೆ, ನೀರು ಎಷ್ಟು ಆಳ ಎಂದರು.
ಆಮೇಲೆ ಏನೂ ಅನ್ನದೆ
ಕಾಲನ್ನು ಸ್ವಲ್ಪ ಮುಂದೆ ಚಾಚಿದರು.
ಒಂಬತ್ತೂವರೆ. ಬರೆದುಕೊಂಡೆ.
ಕಡುನೀಲಿ. ಜೇಬು ಇರಲಿ, ಎಲೆಯಡಿಕೆಗೆ.

ಇಷ್ಟೆಲ್ಲ ಆದ ಮೇಲೆ ಪೂವಮ್ಮ ಫೋನಿನಲ್ಲಿ ಓದಿದಳು:
ದೊಡ್ಡ ಜಾರುಬಂಡೆಗೂ ತೂಗುವ ಹಡಗಿಗೂ
ನೂರಿಪ್ಪತ್ತು ಸೆಂಟಿಮೀಟರ್ ಎತ್ತರ ಕಡ್ಡಾಯ.
ನನ್ನ ಟೇಪಿನ ಆ ಮಗ್ಗುಲನ್ನು ನಾನು ನೋಡಿದ್ದೇ ಕಡಿಮೆ.
ತಿರುಗಿಸಿದೆ. ನಲವತ್ತೇಳೂಕಾಲು ಇಂಚು.
ಬೊಳ್ಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತ,
ಉಸಿರು ಮೇಲೆಳೆದು, ಹುಬ್ಬು ಮೇಲೆಳೆದು.
ನಲವತ್ತಾರೂವರೆ.

ಮುಕ್ಕಾಲು ಇಂಚು.
ಬೆಳೆಯುವ ಮಕ್ಕಳ ಪ್ಯಾಂಟಿಗೆ
ಎರಡಿಂಚು ಒಳಗೆ ಮಡಚಿಯೇ ಹೊಲಿಯುವವಳು ನಾನು;
ಮರುವರ್ಷ ಅವರ ಅಮ್ಮಂದಿರು ಬಂದು
ಸ್ವಲ್ಪ ಬಿಚ್ಚಿ ಕೊಡಿ ಎನ್ನುತ್ತಾರೆ.
ಮಗುವಿನೊಳಗೆ ಆ ಮಡಿಕೆ ಎಲ್ಲಿರುತ್ತದೆ,
ಹುಡುಕಿದೆ, ಹಿಮ್ಮಡಿಯಿಂದ ನೆತ್ತಿಯವರೆಗೆ.
ಅವನಿಗೆ ಬರೀ ಕಚಗುಳಿ.

ದಪ್ಪ ಅಟ್ಟೆಯ ಬೂಟು? ಬರಿಗಾಲಲ್ಲಿ ಅಳೆಯುತ್ತಾರೆ.
ಕೂದಲು ಎತ್ತಿ ಬಾಚಿದರೆ? ಒದ್ದೆಯಾದರೆ ಮುಗಿಯಿತು.
ಮುಂದಿನ ವರ್ಷ ಹೋಗೋಣ ಎಂದವರು ಯಾರೆಂದು
ಈಗ ಯಾರೂ ಒಪ್ಪುತ್ತಿಲ್ಲ.
ಕೊನೆಗೆ ಪೂವಮ್ಮ: ನಿದ್ದೆಯಿಂದ ಎದ್ದಾಗ
ಎಲ್ಲರೂ ಅರ್ಧ ಇಂಚು ಉದ್ದವಂತೆ, ಟೀಚರ್ ಹೇಳಿದ್ದು,
ದಿನವಿಡೀ ನಿಂತು ನಿಂತು ಕುಗ್ಗುತ್ತೇವಂತೆ.

ಹಾಗಾಗಿ ಏರ್ಪಾಡು ಬದಲಾಗಿದೆ.
ನಾಲ್ಕೂವರೆಗೆ ಜೀಪು. ಬೊಳ್ಳುವನ್ನು ಎಬ್ಬಿಸುವಂತಿಲ್ಲ.
ಹಾಸಿಗೆಯಿಂದ ನೇರ ತಲೆ ಅತ್ತೆಯ ತೊಡೆಗೆ, ಕಾಲು ನನ್ನ ತೊಡೆಗೆ,
ತಿತಿಮತಿ ದಾಟಿ ಆನೆಚೌಕೂರಿನ ಕಾಡಿನಲ್ಲಿ
ಆನೆಯೇ ರಸ್ತೆಗೆ ಬಂದರೂ ತೋರಿಸಕೂಡದು.
ನೂಪುಟ್ಟು ಅವನಿಗೆ ಮಲಗಿದಲ್ಲೇ.
ಗೇಟಿನವರೆಗೂ ಉದ್ದಕ್ಕೆ.

ಅರ್ಧ ಆಯಿತು; ಉಳಿದ ಕಾಲು ಇಂಚು?
"ಗೇಟಿನವನಿಗೂ ಮಕ್ಕಳಿರುತ್ತಾರೆ" ಎಂದರು ಅತ್ತೆ,
ನೀಲಿ ಪ್ಯಾಂಟನ್ನು ಚೀಲಕ್ಕೆ ಹಾಕುತ್ತ.
ಆಗ ಅದರ ಅಂಚು ಕಣ್ಣಿಗೆ ಬಿತ್ತು:
ಕೈಗೆ ಅಭ್ಯಾಸ, ಅಲ್ಲೂ
ಎರಡಿಂಚು ಒಳಗೆ ಬಿಟ್ಟು ಹೊಲಿದಿದ್ದೇನೆ.