ಸೋಸುಬಟ್ಟೆ

ಹಗರಿಯ ಮಳಲಲ್ಲಿ ಹೆಕ್ಕಿದ ಕಪ್ಪೆಚಿಪ್ಪನ್ನು
ಕಾಲೇಜಿನ ಸೂಕ್ಷ್ಮದರ್ಶಕದಡಿ ಬಿಚ್ಚಿಟ್ಟು
ಶಾಹೀನಾ ಕರೆದಳು: ಅಬ್ಬು, ನೋಡು ಬಾ.
ಕಿವಿರಿನೊಳಗೆ ಒಂದು ನೀಲಿ ಎಳೆ.
ನನಗದರ ಗುರುತಿದೆ.
ಎಳೆದರೆ ಹಿಗ್ಗುವ ಜೀನ್ಸಿನದು,
ಕೌಲ್‌ಬಜಾರಿನಲ್ಲಿ ನಾನೇ ತೊಳೆದದ್ದು.

ಮರುದಿನ ವಾಷಿಂಗ್ ಯುನಿಟ್ಟಿನ ಮೋರಿಬಾಯಿಗೆ
ಅಮ್ಮಿಯ ಹಳೇ ನೈಲೆಕ್ಸ್ ಸೀರೆ
ನಾಲ್ಕು ಮಡಿಕೆ ಹಾಕಿ ಬಿಗಿದೆ.
ಸಂಜೆ ಹಿಂಡಿದರೆ ಅಂಗೈ ತುಂಬ ನೀಲಿ ಕೆಸರು.
ಮೇಸ್ತ್ರಿ ನಕ್ಕ: ಸಮುದ್ರ ಸೋಸ್ತೀಯೇನಲೇ?
ಸಮುದ್ರ ನಾನು ಕಂಡಿಲ್ಲ.
ಇದು ಇನ್ನೂರು ಪ್ಯಾಂಟಿನ ನೀರು, ಅಷ್ಟೆ.

ಮಳೆಗಾಲ ಕಳೆದು ಇನ್ನೊಂದು ಚಿಪ್ಪು.
ಅದೂ ಅರ್ಧ ಬಾಯಿ ತೆರೆದೇ ಇತ್ತು, ಮುಚ್ಚಲು ಮರೆತಂತೆ.
ನೀಲಿ ಕಮ್ಮಿಯಾಗಿದೆ, ಅಂದಳು.
ಆದರೆ ಇದು? ಈ ಗುಲಾಬಿ?

ಕಣ್ಣು ಕೊಳವೆಗಿಟ್ಟು ಸುಮ್ಮನಿದ್ದೆ.
ಅಮ್ಮಿ ಆ ಸೀರೆ ಉಟ್ಟಿದ್ದು ಒಂದೇ ಸಲ,
ನನ್ನ ನಿಕಾಹಕ್ಕೆ.