ಇಪ್ಪತ್ತಮೂರು ಮೀಟರು

ನೆಲಕ್ಕೆ ಬಳಿದ ಹಳದಿ ಗೆರೆ ಇಪ್ಪತ್ತೈದು ಮೀಟರು.
ಆ ತುದಿಗೊಂದು ಕೇಸರಿ ಕೋನು, ಈ ತುದಿಗೊಂದು.
ಸ್ಟ್ರೆಚರು ಅಡ್ಡ ಬರದಿರಲೆಂದು
ವಾರ್ಡಿನ ಮಾದೇಶನನ್ನು ಬಾಗಿಲಿಗೆ ನಿಲ್ಲಿಸಿದ್ದೇನೆ.

ಪ್ರೀತಮ್, ಒಂಬತ್ತು ವರ್ಷ, ಲಗ್ಗೆರೆಯಿಂದ ಎರಡು ಬಸ್ಸು.
ಓಡಬಾರದು, ಕುಣಿಯಬಾರದು, ನಡೆಯಬೇಕು
ಆರು ನಿಮಿಷ, ಆದಷ್ಟು ದೂರ.
ನಾನು ಎರಡು ಹೆಜ್ಜೆ ಹಿಂದೆ,
ಬಿದ್ದರೆ ಹಿಡಿಯುವಷ್ಟು ಹತ್ತಿರ.

ನಾನಾಡಬಹುದಾದ ಮಾತು ಹಾಳೆಯಲ್ಲಿ ಅಚ್ಚಾಗಿದೆ:
‘ಚೆನ್ನಾಗಿ ನಡೀತಿದ್ದೀಯ. ಇನ್ನು ಐದು ನಿಮಿಷ.’
‘ಹೀಗೇ ಮುಂದುವರಿಸು. ಇನ್ನು ನಾಲ್ಕು.’
ಬೇರೆ ಆಡುವಂತಿಲ್ಲ. ಅವನಿಗೆ ಅಂಥ ಕಟ್ಟುಪಾಡಿಲ್ಲ.
‘ಆಂಟಿ, ಮೆಟ್ರೋ ಹಳಿ ಮೇಲೆ ಯಾರಾದ್ರೂ ನಡೆದಿದಾರಾ?’
ಚೆನ್ನಾಗಿ ನಡೀತಿದ್ದೀಯ.
‘ಹೋದ ಸಲ ಈ ಕಿಟಕೀಲಿ ಬೆಕ್ಕಿತ್ತು.’
ಇನ್ನು ಮೂರು ನಿಮಿಷ.
‘ನೀವು ರೋಬೋಟಾ?’

ಹಿಮ್ಮಡಿ ನೆಲ ಮುಟ್ಟುವುದಿಲ್ಲ.
ಹೊಟ್ಟೆ ಮುಂದೆ, ಭುಜ ಹಿಂದೆ,
ಸೊಂಟ ಆ ಕಡೆ ಈ ಕಡೆ,
ತುಂಬಿದ ಕೊಡ ಹೊತ್ತವರ ಹಾಗೆ.
ದಪ್ಪ ಮೀನಖಂಡ ನೋಡಿ ವಠಾರದವರು
‘ಪೈಲ್ವಾನ’ ಎಂದು ಕರೆಯುತ್ತಿದ್ದರಂತೆ.
ಮೊದಲ ಸಲ ಬಂದಾಗ
ನೆಲದಿಂದ ಏಳಲು ನಾಲ್ಕು ಸೆಕೆಂಡು.
ಇವತ್ತು ಮಂಡಿಗೆ ಕೈ, ತೊಡೆಗೆ ಕೈ,
ತನ್ನ ಮೈಯನ್ನೇ ಏಣಿ ಮಾಡಿಕೊಂಡು
ತಾನೇ ಹತ್ತಿ ನಿಂತ. ಹನ್ನೊಂದು.
ನಿಂತ ಮೇಲೆ ಅಂಗಿ ಎಳೆದು ಸರಿಮಾಡಿಕೊಂಡ.

ಶಿವಲೀಲಾ ಬೆಂಚಿನ ಮೇಲೆ, ಬ್ಯಾಗು ತೊಡೆಯ ಮೇಲೆ.
ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ.
‘ಗಾರ್ಮೆಂಟ್ಸಲ್ಲೂ ಇದನ್ನೇ ಹಿಡ್ಕೊಂಡು ನಿಂತ್ಕೋತಾರೆ ಮೇಡಂ,
ಒಂದು ಕಾಲರಿಗೆ ಎಷ್ಟು ಸೆಕೆಂಡು ಅಂತ.’
ಸ್ಟಾಪ್‌ವಾಚನ್ನು ಕೋಟಿನ ಜೇಬಿಗೆ ಇಳಿಬಿಟ್ಟೆ.

ಹನ್ನೆರಡು ಸುತ್ತು, ಮೇಲೆ ಎರಡು ಮೀಟರು.
ಅವನು ನಿಂತಲ್ಲಿ ಟೇಪು ಅಂಟಿಸಿ ಅಳೆದೆ,
ಮತ್ತೊಮ್ಮೆ ಅಳೆದೆ.
ಹೋದ ಆಷಾಢದಲ್ಲಿ ಹದಿಮೂರು ಸುತ್ತು.
‘ಎಷ್ಟು ಕಮ್ಮಿ?’
ಇದಕ್ಕೆ ಹಾಳೆಯಲ್ಲಿ ಮಾತು ಅಚ್ಚಾಗಿಲ್ಲ.
‘ಇಪ್ಪತ್ತಮೂರು ಮೀಟರು.’
ಬೆರಳ ಗೆಣ್ಣಿನ ಮೇಲೆ ಏನೋ ಎಣಿಸಿದಳು,
ಪನ್ನ ಎಷ್ಟೆಂದು ಕೇಳುವವಳಂತೆ ತಲೆಯೆತ್ತಿ, ಬಿಟ್ಟಳು.
‘ಹನ್ನೊಂದು ಷರ್ಟಿನ ಬಟ್ಟೆ,’ ಎಂದಳು.
‘ಒಂದು ಮೀಟರ್ ಉಳಿಯುತ್ತೆ.’

ಅಷ್ಟರಲ್ಲಿ ಅವನು ಕೋನನ್ನು ತಲೆಗಿಟ್ಟುಕೊಂಡು
ಬಾಗಿಲು ತೆಗೆಯಲು ಮಾದೇಶನಿಗೆ ಅಪ್ಪಣೆ ಕೊಡುತ್ತಿದ್ದ.

ಲಿಫ್ಟಿನ ಹತ್ತಿರ ನೆನಪಾಗಿ ಹೇಳಿದೆ:
ನಡೀತಾರೆ ಕಣೋ, ರಾತ್ರಿ, ರೈಲೆಲ್ಲ ನಿಂತ ಮೇಲೆ,
ಟಾರ್ಚು ಹಿಡ್ಕೊಂಡು, ಹಳಿಯುದ್ದಕ್ಕೂ,
ಎಲ್ಲಾದ್ರೂ ಸಡಿಲ ಆಗಿದೆಯಾ ಅಂತ ನೋಡ್ಕೊಂಡು.
‘ಎಷ್ಟು ದೂರ?’ ಎಂದ.
ಗೊತ್ತಿಲ್ಲ ಎಂದೆ.