ತೋಪು

ಕಾನ್ಸಾಸ್‌ನ ಗೋಧಿಬಯಲ ನಡುವೆ ನಮ್ಮ ಮಿಲಿಟರಿ ಶಾಲೆ,
ಅಂಗಳದಲ್ಲೊಂದು ತೋಪು.
ವರ್ಷಕ್ಕೊಮ್ಮೆ, ಸ್ಥಾಪನಾ ದಿನ, ಬಾಯಿ ತೆರೆಯುವುದು;
ಮಿಕ್ಕಂತೆ ಗುಬ್ಬಿಗಳ ಸಂಸಾರ.

ಎಂಬತ್ತೊಂದರಲ್ಲಿ ಸಿನಿಮಾದವರು ಬಂದರು.
ನಗೆಚಿತ್ರವಂತೆ. ಕಥೆ ಕೇಳಿ:
ಐದು ಪುಂಡರು, ಒಬ್ಬ ಮೇಜರ್,
ಮೇಜರನ ಚಡ್ಡಿ ಧ್ವಜದ ಕಂಬಕ್ಕೆ,
ಸೂಪಿನಲ್ಲಿ ಕಪ್ಪೆ,
ಕೊನೆಗೆ ತೋಪಿಗೆ ಮೂಟೆ ಮೈದಾ ಗಿಡಿದು ಢಂ.
ಪುಂಡರಿಗೆಲ್ಲ ಮೂವತ್ತು ದಾಟಿತ್ತು,
ದಿನಕ್ಕೆರಡು ಸಲ ಗಡ್ಡ ಹೆರೆಸಿಕೊಳ್ಳುತ್ತಿದ್ದರು.
ನಿಜವಾದ ಹುಡುಗರು ನಾವು, ಹನ್ನೆರಡು ಡಾಲರ್ ಕೂಲಿಗೆ
ಹಿಂದೆ ಸಾಲುಗಟ್ಟಿ ನಗಬೇಕು.
ಹದಿನಾಲ್ಕು ಸಲ ನಕ್ಕೆವು. ಹದಿನೈದನೆಯದಕ್ಕೆ
ಎಲ್ಡನ್ ಅತ್ತೇಬಿಟ್ಟ.

ತೋಪು ಹಾರಿಸುವ ದಿನ ಯಾರೂ
ಸಾರ್ಜೆಂಟ್ ಹೆಂಡರ್‌ಶಾಟ್‌ಗೆ ಹೇಳಿರಲಿಲ್ಲ.
ಢಂ ಎಂದದ್ದೇ, ಕೊರಿಯಾ ಕಂಡವನು
ನೆಲಕ್ಕೆ ಅಪ್ಪಳಿಸಿ ಬಿದ್ದ,
ಮೊಣಕೈಯೂರಿ ಎರಡು ಮಾರು ತೆವಳಿದ.
ಅವತ್ತು ಯಾರೂ ಹೇಳದೆ ನಕ್ಕೆವು.
ಕ್ಯಾಮೆರಾ ಓಡುತ್ತಿತ್ತು.
ಎದ್ದ, ಮೀಸೆಯ ಮೈದಾ ಒರೆಸಿಕೊಂಡ,
ನನ್ನೆದುರು ನಿಂತ: "ಮೂರನೇ ಗುಂಡಿ. ಹಾಕಿಕೋ."

ಫೆಬ್ರವರಿಯಲ್ಲಿ ಊರ ಟಾಕೀಸಿಗೆ ಚಿತ್ರ ಬಂತು.
ಮೊದಲ ರಾತ್ರಿ ಹನ್ನೊಂದು ಜನ. ಹೀಟರ್ ಕೆಟ್ಟಿತ್ತು.
ಕಪ್ಪೆ ಬಂದಾಗ ಒಬ್ಬ ಕೆಮ್ಮಿದ,
ಚಡ್ಡಿ ಏರಿದಾಗ ಒಬ್ಬಳು ಎದ್ದುಹೋದಳು.
ನಾಲ್ಕನೇ ಸಾಲಿನಲ್ಲಿ ಸಾರ್ಜೆಂಟ್, ಇಸ್ತ್ರಿ ಮುರಿಯದ ಸಮವಸ್ತ್ರ,
ಪಕ್ಕದಲ್ಲಿ ಹೆಂಡತಿ ಓಪಲ್, ಮುತ್ತಿನ ಸರ ಹಾಕಿ ಬಂದಿದ್ದಳು.
ಆ ದೃಶ್ಯ ಹತ್ತಿರವಾದಂತೆ
ನನ್ನ ಬಾಯಲ್ಲಿ ಪಾಪ್‌ಕಾರ್ನ್ ನಿಂತುಹೋಯಿತು.
ಢಂ. ಬಿಳಿ ಹೊಗೆ.
ಹೊಗೆ ಕರಗಿದರೆ ಆಗಲೇ ಬೇರೆ ಕೋಣೆ, ಮತ್ತದೇ ಕಪ್ಪೆ.
ಕತ್ತರಿಸಿದ್ದರು.
"ನೀನೆಲ್ಲಿದ್ದೆ?" ಓಪಲ್ ಕೇಳಿದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ.
"ಹೊಗೆಯ ಹಿಂದೆ," ಅಂದ. "ಅಲ್ಲೇ. ಇನ್ನೇನು ಏಳುವವನಿದ್ದೆ."

ನಾಲ್ಕೇ ದಿನಕ್ಕೆ ಚಿತ್ರ ತೋಪೆದ್ದುಹೋಯಿತು.
ಶಾಲೆಯ ತೋಪು ಮಾತ್ರ ಇದ್ದಲ್ಲೇ ಇತ್ತು,
ಹೊಟ್ಟೆಯೊಳಗೆ ಮೈದಾ ಕಲ್ಲಾಗಿ ಕಚ್ಚಿಕೊಂಡು.
ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿಸಿದ, ಮೂರು ಭಾನುವಾರ.
ತಿಕ್ಕಿದೆವು.
ಕಡೆಯ ದಿನ ಅಡುಗೆಮನೆಯಿಂದ ಕದ್ದು ತಂದು
ಒಂದು ಹಿಡಿ ಹೊಸದು ಹಾಕಿದೆವು.

ಏಪ್ರಿಲ್‌ನ ಸ್ಥಾಪನಾ ದಿನ, ಮೇಯರನ ಮುಂದೆ
ತೋಪು ಒಂದು ಪುಟ್ಟ ಬಿಳಿಯ ಸೀನು ಸೀನಿತು.
ಸಾರ್ಜೆಂಟ್ ಅಲ್ಲಾಡಲಿಲ್ಲ.
ಸಾಲಿನುದ್ದಕ್ಕೂ ನಡೆದು ಬಂದ,
ಒಬ್ಬೊಬ್ಬರ ಮುಖ ನೋಡುತ್ತ.
ನನ್ನ ಮೂರನೇ ಗುಂಡಿಯನ್ನು ತಾನೇ ಬಿಚ್ಚಿ
ಮುಂದಕ್ಕೆ ಹೋದ.